ಮೊಮ್ಮಗಳ ಕೈಗೆ ಸಿಗದ ಪ್ರಾಜೆಕ್ಟು

ಸಾಲ್ಯಾಗ ಹುಡುಗರಿಗೆ ಪ್ರಾಜೆಕ್ಟ ಕೊಟ್ರು ಅಂದ್ರ ಸಾಕು, ನಮ್ಮ ಗೋಕಾಕದಾಗ ದೊಡ್ಡವರಿಗೆ ಹುಚ್ಚು ಹಿಡೀತೈತಿ. ಒಂದು ವರ್ಷದ್ದಲ್ಲ, ಎರಡು ವರ್ಷದ್ದಲ್ಲ, ವರ್ಷಾ ಇದಾ ಕತಿ. ನೋಡಿ ನೋಡಿ ಸಿಟ್ಟಿಗೆದ್ದು, ಸಿಟ್ಟಿನ್ಯಾಗಾ ನಕ್ಕು, ನಕ್ಕಿದ್ದಕ್ಕ ನನ್ನ ಮ್ಯಾಲ ನನಗಾ ಮತ್ತ ಸಿಟ್ಟು ಬಂದು ಇದನ್ನ ಬರಿಯಾಕ ಕುಂತೇನಿ.

ಬರಿಯಾಕ ಕುಂತಾನಂದ್ರ ಅಜ್ಜ ಎಷ್ಟು ಕಲ್ತಾನು ಅಂತ ಕೇಳಬ್ಯಾಡ್ರಿ. ನಾ ಸಾಲಿ ಮೆಟ್ಟಲಾ ಹತ್ತಿದವಲ್ಲ. ಬಸ್‌ಸ್ಟ್ಯಾಂಡಿನ್ಯಾಗ ನಿಂತು ಬಸ್ಸಿನ ಬೋರ್ಡ ನೋಡಿ ನೋಡಿ ಅಕ್ಷರ ಕಲ್ತಾಂವ. ಹುಕ್ಕೇರಿ ಬಸ್ಸು ಎಂಟು ದಿನದಾಗ ಓದಾಕ ಬಂತು, ಮೂಡಲಗಿ ಬಸ್ಸಿಗೆ ಹದಿನೈದು ದಿನ ಹಿಡೀತು. ಅಷ್ಟಾ ನನ್ನ ಸಾಲಿ.

ಆದ್ರ ಕೈಕೆಲಸದ ಮಾತು ಬ್ಯಾರೆ. ಈ ಮೂರು ತಾಲೂಕಿನ್ಯಾಗ ನನ್ನ ಸರಿ ನಿಂದ್ರೂ ಮಗ ಇನ್ನೂ ಹುಟ್ಟಿಲ್ಲ. ಐವತ್ತು ವರ್ಷ ಬಂಡಿ ಮಾಡೇನಿ, ಬಿತ್ತೂ ಕೂರಿಗಿ ಮಾಡೇನಿ. ಒಮ್ಮೆ ನಾ ಮಾಡಿದ ಬಂಡಿ ಗಾಲಿ ಕೈಜಾರಿ ಗುಡ್ಡದ ಮ್ಯಾಲಿಂದ ಉಳ್ಳಾಕ ಹತ್ತಿತು. ಬಜಾರ ದಾಟಿತು, ಹೊಳಿ ದಾಟಿತು, ಕೊಣ್ಣೂರದಾಗ ಒಬ್ಬಾಂವನ ಬಂಡಿಗೆ ಒಂದು ಗಾಲಿ ಮುರದಿತ್ತು, ಹೋಗಿ ಅದರ ಅಚ್ಚಿಗೆ ತಾನಾ ಕುಂತಿತು. ಒಂದು ಕೂದಲೆಳಿ ಹೆಚ್ಚುಕಡಿಮಿ ಆಗಿರಲಿಲ್ಲ. ನಂಬದವರು ಕೊಣ್ಣೂರಿಗೆ ಹೋಗಿ ಆ ಬಂಡಿ ಮಾಲಕನ್ನ ಕೇಳ್ರಿ. ಅಂವ ಸತ್ತು ಭಾಳ ವರ್ಷ ಆದ್ವು, ಅದಕ್ಕ ನಾ ಏನ ಮಾಡ್ಲಿ?

ಈಗ ಮೊಮ್ಮಗಳ ಮಾತಿಗೆ ಬರತೇನಿ. ಅಕಿ ಸಾಲ್ಯಾಗ ವರ್ಷಕ್ಕೊಮ್ಮೆ ಪ್ರದರ್ಶನ ಇಡತಾರ. ಉದ್ದ ಟೇಬಲ್ ಮ್ಯಾಲ ಹುಡುಗರು ಮಾಡಿದ ಸಾಮಾನು, ಅದರ ಹಿಂದ ಹುಡುಗರು. ಒಂದನೇ ಕ್ಲಾಸಿಗೆ ಸೇರಿದ ವರ್ಷಾನಾ ಅಕಿ ನನ್ನ ತೊಡಿ ಮ್ಯಾಲ ಕುಂತು ಅಂದ್ಳು, "ಅಜ್ಜಾ, ನಾ ಮಾಡಿದ್ದನ್ನ ಆ ಟೇಬಲ್ ಮ್ಯಾಲ ಇಟ್ಟು, 'ಇದನ್ನ ನಾ ಮಾಡೇನಿ' ಅಂತ ಹೇಳಬೇಕು." ಅಕಿ ಆಶಾ ಇಷ್ಟಾ. ಬೆಳ್ಳಿ ಕೇಳಲಿಲ್ಲ, ಬಂಗಾರ ಕೇಳಲಿಲ್ಲ. ಈ ಒಂದು ಮಾತು ಹೇಳಾಕ ಅಕಿಗೆ ನಾಲ್ಕು ವರ್ಷ ಹಿಡೀತು. ಯಾಕ ಹಿಡೀತು ಅನ್ನೂದಾ ನನ್ನ ಸಿಟ್ಟು.

ಮೂಡಲಗಿ ಕೋಳಿ

ಒಂದನೇ ಕ್ಲಾಸಿನ್ಯಾಗ, ಕರ್ನಾಟಕದ ನಕಾಶಿ ತಗದು ಜಿಲ್ಲಾಕ್ಕೊಂದು ಥರದ ಕಾಳು ಅಂಟಿಸಿಕೊಂಡು ಬರ್ರಿ ಅಂದ್ರು. ಆರು ವರ್ಷದ ಹುಡುಗಿಗೆ ನಮ್ಮ ಓಣಿ ಎಲ್ಲಿ ಮುಗೀತೈತಿ ಅನ್ನೂದು ಗೊತ್ತಿಲ್ಲ, ಇಷ್ಟು ಜಿಲ್ಲಾ ಎಲ್ಲಿಂದ ಗೊತ್ತಾಗಬೇಕು? ಹೇಳಿದವರಿಗೆ ಬುದ್ಧಿ ಬ್ಯಾಡ?

ದಸರಾ ಸೂಟಿ ಇತ್ತು. ಸೊಸಿ ಮಗಳನ್ನ ಕರಕೊಂಡು ತವರಮನಿಗೆ, ಮೂಡಲಗಿಗೆ ಹೋಗಿದ್ಳು. ಬೀಗರನ್ನ ಮಾತಾಡಿಸಿ ಬರೂಣು ಅಂತ ನಾನೂ ಹೋದೆ. ಹೋಗಿ ನೋಡತೇನಿ, ಸೊಸಿ ಪಡಸಾಲ್ಯಾಗ ಅಡ್ಡಬಿದ್ದು ಕಾಳು ಅಂಟಸಾಕತ್ತಾಳ. ಬೆಳಗಾವಿಗೆ ಬಿಳಿಜ್ವಾಳ, ಬಾಗಲಕೋಟಿಗೆ ಕಡ್ಲಿ, ಕಲಬುರಗಿಗೆ ತೊಗರಿ, ಸಮುದ್ರದ ದಂಡಿಗೆಲ್ಲಾ ಅಕ್ಕಿ. ಹುಡುಗಿ ಒಂದು ಕಾಳು ಎತ್ತಿದ್ರ ಸಾಕು, "ಏ ಬಿಡ! ಕೆಡಸ್ತಿ! ಸರಿ ಆ ಕಡೆ!" ಅಂತ ಒದರತಿದ್ಳು.

ಎರಡನೇ ದಿನ ನಕಾಶಿ ಮುಗೀತು. ಒಣಗಲಿ ಅಂತ ಅಂಗಳದಾಗ ಬಿಸಲಿಗಿಟ್ಟು ಎಲ್ಲಾರೂ ಒಳಗ ಚಹಾಕ್ಕ ಹೋದ್ವಿ. ಬಾಜೂ ಮನಿ ಕೋಳಿ ಬಂತು.

ನಾವು ಹೊರಗ ಬರೂದ್ರಾಗ ಕೋಳಿ ಬೆಳಗಾವಿ ಜಿಲ್ಲಾ ಪೂರಾ ಖಾಲಿ ಮಾಡಿ ಬಾಗಲಕೋಟಿಗೆ ಬಾಯಿ ಹಾಕಿತ್ತು. ಸಮುದ್ರದ ಕಡೆ ಹೊಳ್ಳಿ ಸುದ್ದಾ ನೋಡಿರಲಿಲ್ಲ. "ನೋಡ್ರಿ ಬೀಗರ, ಎಷ್ಟಂದ್ರೂ ನಮ್ಮ ಊರ ಕೋಳಿ. ಜ್ವಾಳ ಬಿಟ್ಟು ಅಕ್ಕಿಗೆ ಹೋಗಿಲ್ಲ," ಅಂತ ನಮ್ಮ ಬೀಗರು ಎದಿ ಉಬ್ಬಿಸಿದ್ರು. ಸೊಸಿ ಕೋಲು ತಗೊಂಡು ಕೋಳಿ ಹಿಂದ, ಕೋಳಿ ಮಾಲಕಿ ಮುದುಕಿ ಸೊಸಿ ಹಿಂದ. "ನಮ್ಮ ಕೋಳಿಗೆ ಅಂಟು ತಿನಿಸಿದೇನ? ಕೂಗಾಕ ಬಾಯಿ ತಗಿಯವಲ್ದು ಅದು!" ಅಂತ ಮುದುಕಿ ಬಾಯಿ. ನಾನಾ ಹಿಡಕೊಂಡು ಚುಂಚಿಗೆ ಎಣ್ಣಿ ಹಚ್ಚಿ ಬಿಡಿಸಿದೆ. ಆದ್ರೂ ಮರುದಿವಸ ಅದು ಇಟ್ಟ ತತ್ತಿ ನೆಲಕ್ಕ ಅಂಟಿಕೊಂಡು, ಉಳಿ ಹಚ್ಚಿ ಎಬ್ಬಿಸಬೇಕಾತು. ಎಬ್ಬಿಸಿದಾಂವ ನಾನಾ. ತತ್ತಿ ಒಡೀಲಿಲ್ಲ.

ಮೊಮ್ಮಗಳು ಅಳತಿರಬೇಕು ಅಂತ ಹೋಗಿ ನೋಡಿದ್ರ ಮೂಲ್ಯಾಗ ಕುಂತು ನಗಾಕತ್ತಿದ್ಳು.

"ಯಾಕವಾ?" ಅಂದೆ.

"ಕೋಳಿದು ನಶೀಬ ಛಲೋ ಐತಿ ಅಜ್ಜಾ. ಅವ್ವ ನನಗ ಒಂದು ಕಾಳು ಮುಟ್ಟಗೊಡಲಿಲ್ಲ, ಅದು ಒಂದು ಜಿಲ್ಲಾನಾ ಮುಟ್ಟಿತು."

ಹತ್ತಕ್ಕ ಏಳು

ಎರಡನೇ ಕ್ಲಾಸಿನ್ಯಾಗ ಬೆಂಕಿ ಉಗುಳೂ ಗುಡ್ಡ ಮಾಡಿಕೊಂಡು ಬರ್ರಿ ಅಂದ್ರು. ಈ ಭಾಗದಾಗ ಹುಟ್ಟಿ ಬೆಳದವರು ಯಾರಾದ್ರೂ ಬೆಂಕಿ ಉಗುಳೂ ಗುಡ್ಡ ನೋಡೀರೇನು? ನಾ ಒಬ್ಬಾಂವ ನೋಡೇನಿ, ಕನಸಿನ್ಯಾಗ.

ಹೋದ ವರ್ಷ ಅವ್ವನ ಕಾಟಾ ನೋಡಿದ ಹುಡುಗಿ ಈ ಸಲಾ ಅಪ್ಪನ ಕಡೆ ಹೋದ್ಳು. ನನ್ನ ಮಗ ಕೋರ್ಟ ಮುಂದ ಝೆರಾಕ್ಸ ಅಂಗಡಿ ಇಟ್ಟಾನ. "ಅಪ್ಪಾ, ನೀ ಬಾಜೂ ಕುಂದರು ಸಾಕು, ನಾನಾ ಮಾಡತೇನಿ," ಅಂದ್ಳು. ಅಂವ ಹೂಂ ಅಂದ. ಹೂಂ ಅಂದಾಂವ ಸಂಜೀಕ ಒಂದು ಡಬ್ಬಿ ಹಿಡಕೊಂಡು ಬಂದ. ಡಬ್ಬಿ ತಗದ್ರ ಒಳಗ ಗುಡ್ಡ, ತಯಾರ! ಬಣ್ಣ ಹಚ್ಚಿದ್ದು, ತುದಿಗೆ ಕೆಂಪು, ತಳಗ ಹಸರು ಹುಲ್ಲು.

"ಎಲ್ಲಿಂದ ತಂದ್ಯೋ?"

"ಬಜಾರದಾಗ ಅಂಗಡಿ ಐತೆಪ್ಪಾ. ಯಾವ ಕ್ಲಾಸಿಂದು ಬೇಕು ಅದು ಸಿಗತೈತಿ. ಈಗ ಎಲ್ಲಾರೂ ಹಿಂಗಾ."

ಹುಡುಗಿ ಮಾರಿ ಸಪ್ಪಗಾತು. ನನಗ ಪಿತ್ತ ನೆತ್ತಿಗೇರಿತು. ಹುಡುಗರ ಕೈಕೆಲಸಾನ ತರಕಾರಿ ಹಂಗ ಮಾರೂ ಆ ಅಂಗಡಿಯವನ್ನ ಒಂದು ಕೈ ನೋಡಬೇಕು ಅಂತ ಮರುದಿವಸ ಧೋತರ ಕಚ್ಚಿ ಬಿಗಿದು ನಡದೆ. ಅಂಗಡಿಯಾಂವ ಗಲ್ಲಾದಾಗ ಇರಲಿಲ್ಲ. ಪಡದಾ ಸರಿಸಿ ಒಳಗ ಹೊಕ್ಕೆ. ಒಳಗ ಹದಿನಾಲ್ಕು ಗುಡ್ಡ ಸಾಲಾಗಿ ಒಣಗಾಕತ್ತಿದ್ವು. ನಡಬರಕ ಒಬ್ಬರು ತೊಡಿ ಮ್ಯಾಲ ಗುಡ್ಡ ಇಟಗೊಂಡು ಬ್ರಶ್ಶಿಲೆ ಕೆಂಪು ಹಚ್ಚಾಕತ್ತಿದ್ರು. ಯಾರಂತೀರಿ? ನಮ್ಮ ಹುಡುಗಿಯ ಕ್ಲಾಸ್ ಮಾಸ್ತರು! ಗುಡ್ಡ ಮಾಡಿಕೊಂಡು ಬರ್ರಿ ಅಂತ ಹೇಳಿದ ಮಾಸ್ತರಾ!

ನನ್ನ ನೋಡಿ ಅವರ ಕೈಯಾಗಿನ ಬ್ರಶ್ ಬಿತ್ತು. "ಅಜ್ಜಾರ, ತಪ್ಪ ತಿಳಕೋಬ್ಯಾಡ್ರಿ, ಇದು ನಮ್ಮ ಅಳಿಯನ ಅಂಗಡಿ. ಅಂವಗ ಬಣ್ಣದ ಕೆಲಸ ಬರಂಗಿಲ್ಲ," ಅಂದ್ರು.

ಅಂದ್ರ ಸೋಮವಾರ ಗುಡ್ಡ ತರ್ರಿ ಅಂತ ಹೇಳೂದು ಇವರಾ, ಶನಿವಾರ ಕುಂತು ಗುಡ್ಡ ಮಾಡೂದು ಇವರಾ, ಮತ್ತ ಸೋಮವಾರ ಅದಾ ಗುಡ್ಡಕ್ಕ ಮಾರ್ಕ ಹಾಕೂದು ಇವರಾ! ನಾ ಅವತ್ತು ಒದರಿದ ಒದರಾಟಕ್ಕ ಬಜಾರದ ಪಾರಿವಾಳ ಎದ್ದು ಹುಕ್ಕೇರಿಗೆ ಹೋದವು ಇನ್ನೂ ಹೊಳ್ಳಿ ಬಂದಿಲ್ಲ.

ಇದು ಇಲ್ಲಿಗೆ ಮುಗೀಲಿಲ್ಲ. ಮಾರ್ಕ ಬಂದ್ವು. ನಮ್ಮ ಹುಡುಗಿಗೆ ಹತ್ತಕ್ಕ ಏಳು. ಮತ್ತ ಸಾಲಿಗೆ ಹೋದೆ.

"ಯಾಕ್ರಿ ಮಾಸ್ತರ, ನೀವಾ ಮಾಡಿದ ಗುಡ್ಡ, ನಿಮ್ಮ ಗುಡ್ಡಕ್ಕ ನೀವಾ ಮೂರು ಮಾರ್ಕ ಕಡಿಮಿ ಹಾಕೀರೆಲ್ಲಾ?"

ಮಾಸ್ತರು ಮಾರಿ ಗಂಭೀರ ಮಾಡಿ ಅಂದ್ರು, "ಏನ್ ಮಾಡೂದ್ರಿ ಅಜ್ಜಾರ, ಹುಡುಗಿಯ ಸ್ವಂತ ಪ್ರಯತ್ನ ಕಾಣಸಲಿಲ್ಲ."

ವಕೀಲರ ಬೆರಳು

ಮೂರನೇ ಕ್ಲಾಸಿನ್ಯಾಗ 'ನಮ್ಮ ಮನೆ' ಅಂತ ಒಂದು ಸಣ್ಣ ಮನಿ ಮಾಡಬೇಕಿತ್ತು. ನಮ್ಮ ಬಾಜೂ ಮನ್ಯಾಗ ಒಬ್ಬರು ವಕೀಲರು ಅದಾರ, ಅವರ ಮಗಾನೂ ಅದಾ ಕ್ಲಾಸು. ವಕೀಲರು ಕರಿ ಕೋಟು ಬಿಚ್ಚಿಟ್ಟು ಥರ್ಮೋಕೋಲ್ ಕತ್ತರಿಸಾಕ ಕುಂತ್ರು. ನಮ್ಮ ಸೊಸಿ ಗೋಡಿ ಮ್ಯಾಲಿಂದ ಹಣಿಕಿ ಹಾಕಿದ್ಳು. ಅವರದು ಎರಡು ಅಂತಸ್ತು ಅಂತ ಗೊತ್ತಾಗಿ ನಮ್ಮದಕ್ಕ ಮೂರು ಏರಿಸಿದ್ಳು. ವಕೀಲರ ಹೆಂಡ್ತಿ ನಮ್ಮ ಕಡೆ ಹಣಿಕಿ ಹಾಕಿದ್ಳು, ಅವರದಕ್ಕ ನಾಲ್ಕಾತು. ಖರೆ ನೋಡಿದ್ರ ನಮ್ಮದು ತಗಡಿನ ಮನಿ, ಅವರದು ಹಂಚಿನ ಮನಿ. 'ನಮ್ಮ ಮನೆ' ಅಂತ ಸುಳ್ಳು ಹೇಳಾಕ ಎರಡೂ ಮನಿಯವರು ಊಟಾ ಬಿಟ್ಟು ಕುಂತಿದ್ರು.

ನಮ್ಮ ಹುಡುಗಿಗೆ ಒಂದು ಕೆಲಸ ಕೊಟ್ಟಿದ್ರು. ಅಂಟಿನ ಬಾಟಲಿ ಮುಚ್ಚಳ ಹಿಡಕೊಂಡು ನಿಂದರೂದು. ಆ ಕಡೆ ವಕೀಲರ ಮಗನಿಗೆ ಅದೂ ಇಲ್ಲ, ಅಂವನ್ನ ಬಯಲಿಗೆ ಗಾಳಿಪಟಾ ಹಾರಸಾಕ ಕಳಿಸಿದ್ರು.

ನಾಲ್ಕನೇ ಅಂತಸ್ತು ಏರಿಸುವಾಗ ವಕೀಲರ ಬೆರಳು ಗೋಡಿಗೆ ಅಂಟಿತು. ಜಗ್ಗಿದ್ರೂ ಬರವಲ್ದು, ನೀರು ಹಾಕಿದ್ರೂ ಬರವಲ್ದು. "ಗೋಡಿ ಒಡೀರಿ," ಅಂದೆ ನಾ. "ಬ್ಯಾಡ್ರಿ! ನಾಳೆ ಪ್ರದರ್ಶನ ಐತಿ!" ಅಂತ ಗಂಡ ಹೆಂಡ್ತಿ ಇಬ್ಬರೂ ಚೀರಿದ್ರು. ಕಡೀಕ ಆಟೋ ಕರಸಿ ಮನಿ ಸಮೇತ ದವಾಖಾನಿಗೆ ಕರಕೊಂಡು ಹೋದ್ವಿ. ವಕೀಲರು ಕೈ ಮ್ಯಾಲ ನಾಲ್ಕು ಅಂತಸ್ತಿನ ಮನಿ ಹೊತಗೊಂಡು ಆಟೋದಾಗ ಕುಂತಿದ್ರ ರಸ್ತಾದಾಗ ಜನಾ ಕೈ ಮುಗಿಯಾಕತ್ರು, ಯಾವುದೋ ದೇವರ ಮೆರವಣಿಗಿ ಹೊಂಟೈತಿ ಅಂತ.

ಡಾಕ್ಟರು ಮನಿ ಸುತ್ತ ಎರಡು ಸುತ್ತು ತಿರುಗಿದ್ರು. ಕನ್ನಡಕ ಏರಿಸಿ ಬಗ್ಗಿ ನೋಡಿದ್ರು. ಬೆರಳು ಕತ್ತರಿಸಬೇಕು ಅಂತಾರೋ ಏನೋ ಅಂತ ನಾವೆಲ್ಲಾ ಅವರ ಮಾರಿ ನೋಡಿದ್ವಿ.

ಡಾಕ್ಟರು ದನಿ ತಗ್ಗಿಸಿ ಕೇಳಿದ್ರು, "ವಕೀಲರ, ಈ ಕಿಟಕಿ ಇಷ್ಟು ಸಪಾಟ ಹೆಂಗ ಕತ್ತರಿಸಿದ್ರಿ? ನಮ್ಮ ಹುಡುಗೀದೂ ನಾಳೆನಾ ಐತಿ, ಮುಂಜಾನಿಂದ ನನಗ ಬರವಲ್ದು."

ನನ್ನ ಎತ್ತು, ಅಕಿ ಎತ್ತು

ನಾಲ್ಕನೇ ಕ್ಲಾಸು. ಈ ವರ್ಷ ಮಣ್ಣೆತ್ತಿನ ಅಮಾಸಿ ಮುಂದ ಬಂದಿತ್ತು. ನಮ್ಮ ಕಡೆ ಆ ದಿವಸ ಮಣ್ಣಿನ ಎತ್ತು ಮಾಡಿ, ಅವಕ್ಕ ಮೇವು ಹಾಕೂ ಗ್ವಾದ್ಲಿ ಮಾಡಿ, ಪೂಜಾ ಮಾಡತೇವಿ. ಅದಕ್ಕಾ ಸಾಲಿಯವರು, ಮಣ್ಣಿಲೆ ಏನರೆ ಮಾಡಿಕೊಂಡು ಬರ್ರಿ, ಒಂದೊಂದು ಸಾಮಾನಿಗೂ ಒಂದು ಚೀಟಿ ಹಚ್ಚಿ ಮಾಡಿದವರ ಹೆಸರು, ಕ್ಲಾಸು, ವಯಸ್ಸು ಬರೀರಿ ಅಂದಿದ್ರು.

ನಾಲ್ಕು ವರ್ಷದಾಗ ಮೊದಲನೇ ಸಲಾ ಬುದ್ಧಿ ಇದ್ದ ಪ್ರಾಜೆಕ್ಟ. ಮೊಮ್ಮಗಳು ನನ್ನ ಕಡೆ ಬಂದ್ಳು. "ಅಜ್ಜಾ, ನಾ ಎತ್ತು ಮಾಡತೇನಿ. ಮುಂದಿನ ವರ್ಷ ಬ್ಯಾರೆ ಸಾಲಿ. ಈ ಸಲಾ ಆಗಲಿಲ್ಲಂದ್ರ ಆಗಲಿಲ್ಲ. ಅವ್ವ, ಅಪ್ಪ ಯಾರೂ ಮುಟ್ಟಬಾರದು. ನೀ ಕಾವಲು ಕುಂದರು."

ಬೆಲ್ಲದ ಬಾಗೇವಾಡಿಯಿಂದ, ಗೆಳೆಯನ ಹೊಲದ ಎರಿ ಮಣ್ಣು ತರಿಸಿ ಕೊಟ್ಟೆ. ಹದಾ ಮಾಡೂದು ತೋರಿಸಿದೆ. ಆಮ್ಯಾಲ ಕೋಲು ಹಿಡಕೊಂಡು ಬಾಗಲದಾಗ ಕುಂತೆ.

ಸೊಸಿ ಬಂದ್ಳು. "ಮಾಮಾರ, ಬರೇ ನೋಡತೇನ್ರಿ."

"ನೋಡೂದು ಬ್ಯಾಡ. ನೀ ನೋಡಿದ್ರ ಹಿಂದಾ ಕೈ ಬರತಾವ."

ಮಗ ಬಂದ. "ಅಪ್ಪಾ, ಸುಮ್ಮ ಹೊಂಟಿದ್ದೆ."

"ಸುಮ್ಮ ಹೊಂಟಾಂವ ಆ ಕಡೆಯಿಂದ ಹೋಗು. ಡಬ್ಬಿ ಎಲ್ಲೈತಿ ತೋರಸು!"

ಮೊಮ್ಮಗಳು ಮುಂಜಾನಿಂದ ಮಧ್ಯಾಹ್ನದ ತನಕಾ ಕುಂತು ಒಂದು ಎತ್ತು ಮಾಡಿದ್ಳು. "ಅಜ್ಜಾ, ರೊಟ್ಟಿ ತಿಂದು ಬರತೇನಿ, ನೋಡಕೋ," ಅಂತ ಹೇಳಿ ಅಡಗಿಮನಿಗೆ ಹೋದ್ಳು. ನಾ ನೋಡಕೊಂಡೆ. ನೋಡಿದ್ದಾ ತಪ್ಪಾತು.

ಒಂದು ಕೋಡು ಆಕಾಶಕ್ಕ, ಒಂದು ಕೋಡು ನೆಲಕ್ಕ. ಹೆಗಲ ಮ್ಯಾಲಿನ ಡುಬ್ಬ ನಡಕ್ಕ ಬಂದು ಎತ್ತು ಒಂಟೆ ಆಗಿತ್ತು. ನಾ ಮಣ್ಣೆತ್ತು ಮಾಡಿದ್ರ ಹೆಂಗ ಇರತಿದ್ವು ಗೊತ್ತೈತೇನು? ಒಂದು ವರ್ಷ ಪೂಜಾ ಆದ ಮ್ಯಾಲ ಹೊಳಿಗೆ ಬಿಟ್ರ ನನ್ನ ಜೋಡೆತ್ತು ಈಸಿ ಆಚಿ ದಂಡಿ ಹತ್ತಿ, ಅಲ್ಲಿ ಯಾರದೋ ಹೊಲದಾಗ ಮೇಯಾಕ ನಿಂತಿದ್ವು. ಅಂಥಾ ಕೈ ಸುಮ್ಮ ಇರತೈತೇನು?

ಬರೇ ಒಂದು ಕೋಡು ಸರಿ ಮಾಡಿದೆ. ಅದು ಸರಿ ಆದ ಕೂಡ್ಲೆ ಇನ್ನೊಂದು ಕೋಡು ಕೆಟ್ಟದಾಗಿ ಕಾಣಸ್ತು, ಅದನ್ನೂ ಮಾಡಿದೆ. ಕೋಡು ಛಂದ ಆದ್ವು, ಮಾರಿ ಸಣ್ಣದು ಅನಿಸ್ತು. ಮಾರಿ ಮಾಡಿದೆ. ಇಷ್ಟು ದೊಡ್ಡ ಮಾರಿ ಹೊರಾಕ ಆ ಕುತಿಗಿ ಸಾಲಂಗಿಲ್ಲ ಅಂತ ಕುತಿಗಿ ಮಾಡಿದೆ. ಕಾಲು, ಬಾಲ, ಗೊರಸು. ಗುಲಗಂಜಿ ಹಚ್ಚಿ ಕಣ್ಣು ಮಾಡೂ ಹೊತ್ತಿಗೆ ಹಿಂದ ದನಿ ಬಂತು.

"ಅಜ್ಜಾ, ನನ್ನ ಎತ್ತು ಎಲ್ಲೈತಿ?"

"ಇದಾ ಐತೆಲ್ಲವಾ."

"ಇದು ನಿಂದು."

ಅತ್ತಿದ್ರ ಸಮಾಧಾನ ಮಾಡತಿದ್ದೆ. ಅಳಲಿಲ್ಲ. ನಕಾಶಿ ವರ್ಷ ಕಾಳು ಮುಟ್ಟಗೊಡದ ಅವ್ವನ್ನ ಹೆಂಗ ನೋಡಿದ್ಳೋ, ಹಂಗ ನನ್ನ ನೋಡಿದ್ಳು. ಮೂರು ವರ್ಷ ನಾ ಯಾರ್ಯಾರಿಗೆ ಒದರಿದ್ದೆ, ಆ ಎಲ್ಲಾ ಒದರಾಟ ಒಮ್ಮೆಲೆ ನನ್ನ ಮ್ಯಾಲ ಬಂದು ಬಿದ್ದಂಗಾತು. ಉಳಿದ ಮಣ್ಣು ಉಂಡಿ ಮಾಡಿಕೊಂಡು ಅಕಿ ಬಚ್ಚಲಮನಿಗೆ ಹೋಗಿ ಒಳಗಿಂದ ಚಿಲಕ ಹಾಕಿಕೊಂಡ್ಳು. ಮೂರು ತಾಸು ನಮ್ಮ ಮನ್ಯಾಗ ಯಾರೂ ಕೈಕಾಲು ಸುದ್ದಾ ತೊಳಕೊಳ್ಳಲಿಲ್ಲ.

ಪ್ರದರ್ಶನದ ದಿವಸ ಬಂತು. ಬಹುಮಾನ ಆರಸಾಕ ಹುಕ್ಕೇರಿಯಿಂದ ಒಬ್ಬರು ರಿಟಾಯರ್ ಆದ ಚಿತ್ರಕಲಾ ಮಾಸ್ತರನ್ನ ಕರಸಿದ್ರು. ಮೊದಲ ಟೇಬಲ್ ಮ್ಯಾಲ ಒಬ್ಬ ಹುಡುಗನ ಗೋಕಾಕ ಫಾಲ್ಸ್. ಮಣ್ಣಿನ ಗುಡ್ಡದಾಗ ಮೋಟರ್ ಇಟ್ಟು ಖರೇನಾ ನೀರು ಬೀಳಿಸಿದ್ರು.

"ಹೆಂಗ ಮಾಡಿದ್ಯೋ ತಮ್ಮಾ?" ಅಂತ ಹುಕ್ಕೇರಿ ಮಾಸ್ತರು ಕೇಳಿದ್ರು.

ಹುಡುಗ ಹೊಳ್ಳಿ ಅಪ್ಪನ್ನ ನೋಡಿದ. ಅಪ್ಪ ಹಿಂದಿನಿಂದ, "ಅರ್ಧ ಎಚ್ಪಿ ಮೋಟರ್ ಐತಿ ಅಂತ ಹೇಳೋ!" ಅಂದ.

ಹುಡುಗ ಕೈ ಕಟ್ಟಿ ನಿಂತು, "ಅರ್ಧ ಎಚ್ಪಿ ಮೋಟರ್ ಐತಿ ಅಂತ ಹೇಳೋ," ಅಂತ ಹೇಳಿದ.

ಆಮ್ಯಾಲ ನಮ್ಮ ಹುಡುಗಿ. ಅಕಿ ಮುಂದ ಸಣ್ಣದೊಂದು ಎತ್ತು, ಮೂರು ಕಾಲು ಸರಿ, ಒಂದು ಗಿಡ್ಡ.

"ಇದ್ಯಾಕವಾ ಈ ಕಾಲು ಗಿಡ್ಡ?"

"ಮಣ್ಣು ಸಾಲಲಿಲ್ರಿ ಸರ್. ಅದಕ್ಕ ಅದು ಒಂದು ಕಾಲು ಎತ್ತಿ ನಡಿಯಾಕ ಹೊಂಟೈತ್ರಿ."

"ಯಾರು ಮಾಡಿದ್ದು?"

ಅಕಿ ಹೊಳ್ಳಿ ಯಾರನ್ನೂ ನೋಡಲಿಲ್ಲ. "ಇದನ್ನ ನಾ ಮಾಡೇನ್ರಿ," ಅಂದ್ಳು. ಎಷ್ಟು ಜೋರಂದ್ರ ಫಾಲ್ಸಿನ ಮೋಟರ್ ಸಪ್ಪಳ ಕೇಳಲಿಲ್ಲ. ನನ್ನ ಬಾಜೂಕ ನಿಂತ ಸೊಸಿ ಸೆರಗು ಬಾಯಿಗೆ ಹಚ್ಚಿದ್ಳು.

ಮಾಸ್ತರು ಅಕಿ ಬೆನ್ನು ಚಪ್ಪರಿಸಿ ಮುಂದ ಹೊಂಟವರು ನಿಂತ್ರು. ಎತ್ತಿನ ಬಾಜೂಕ ಇನ್ನೊಂದು ಎತ್ತು ಇತ್ತು. ನಂದು! ಅದಕ್ಕೂ ಹುಡುಗಿ ಚೀಟಿ ಹಚ್ಚಿದ್ಳು. ಮಾಸ್ತರು ದೊಡ್ಡದಾಗಿ ಓದಿದ್ರು, "ಮಾಡಿದವರು: ಅಜ್ಜ. ಕ್ಲಾಸು: ಸೇರಿಲ್ಲ. ವಯಸ್ಸು: ಎಪ್ಪತ್ತಾರು."

ಸಾಲಿ ಸಾಲೀನಾ ನಕ್ಕಿತು. ನಗಲಿ ಬಿಡ್ರಿ. ಎತ್ತಿನ ಕಡೆ ನೋಡಿದವರ ಬಾಯಿ ಮುಚ್ಚತೈತಿ ಅಂತ ನಾ ಮೀಸಿ ತಿರುವಿ ನಿಂತಿದ್ದೆ.

ಬಹುಮಾನ ಕೂಗಿದ್ರು. ಮೊದಲನೇದು ಮೋಟರಿಗೆ. ಎರಡನೇದು ನಮ್ಮ ಹುಡುಗಿಗೆ. ಮೂರನೇದು ಯಾರದೋ ಮಣ್ಣಿನ ಬದನಿಕಾಯಿಗೆ. ಕಡೀಕ, ಸಮಾಧಾನಕರ ಬಹುಮಾನ ಅಂತ ಹೇಳಿ ನನ್ನ ಕರದು ಒಂದನೇ ಕ್ಲಾಸಿನ ಹುಡುಗರ ಸಾಲಿನ್ಯಾಗ ನಿಂದರಿಸಿ ಕೈಯಾಗ ಒಂದು ಕಂಪಾಸ ಪೆಟ್ಟಿಗಿ ಕೊಟ್ರು.

ನನಗ ಹತ್ತಿ ಉರದು ಹೋತು. ಸ್ಟೇಜ ಮ್ಯಾಲ ನಿಂತಾ ಒದರಿದೆ, "ಇದು ಅನ್ಯಾಯ! ನಾ ಒಪ್ಪಂಗಿಲ್ಲ!"

ಸಾಲಿ ಹೆಡ್ ಟೀಚರು, ನಮ್ಮ ಮಾತಿನ್ಯಾಗ ಹೆಡ್ ಬಾಯಾರು, ಓಡಿ ಬಂದ್ರು. "ಖರೆ ಐತ್ರಿ ಅಜ್ಜಾರ, ನಿಮ್ಮ ಮೊಮ್ಮಗಳಿಗೆ ಮೊದಲನೇದಾ ಬರಬೇಕಿತ್ತು. ಅಕಿ ಒಬ್ಬಾಕಿನಾ ಸ್ವಂತ ಮಾಡಿದಾಕಿ."

"ಅಕಿದು ಬಿಡ್ರಿ ಬಾಯಾರ! ನನ್ನ ಎತ್ತು ನೋಡ್ರಿ! ಈ ಕೋಡು ನೋಡ್ರಿ! ಬದನಿಕಾಯಿಗೆ ಮೂರನೇದು, ಇದಕ್ಕ ಸಮಾಧಾನಕರ? ಹುಕ್ಕೇರಿ ಮಾಸ್ತರಿಗೆ ಕಣ್ಣ ಅದಾವಿಲ್ಲೋ?"

ಹೆಡ್ ಬಾಯಾರು ಸೊಂಟದ ಮ್ಯಾಲ ಕೈ ಇಟ್ರು. ದಿನಾ ಹುಡುಗರಿಗೆ ಹೇಳಿ ರೂಢಿ ಆದ ದನೀಲೆ ಅಂದ್ರು, "ಇಲ್ಲಿ ಜಗಳ ಮಾಡೂ ಹಂಗಿಲ್ಲ. ತಕರಾರು ಇದ್ದವರು ನಾಳೆ ಪಾಲಕರನ್ನ ಕರಕೊಂಡು ಬರಬೇಕು."

ಎಪ್ಪತ್ತಾರು ವರ್ಷದ ನಾ, ಎಲ್ಲಿಂದ ಕರಕೊಂಡು ಬರ್ಲಿ ಪಾಲಕರನ್ನ? 

ಅಷ್ಟರಾಗ ಹಿಂದಿನಿಂದ ಯಾರೋ ನನ್ನ ಧೋತರ ಜಗ್ಗಿದ್ರು. ಮೊಮ್ಮಗಳು. ನನ್ನ ಕೈಯಾಗಿನ ಕಂಪಾಸ ಪೆಟ್ಟಿಗಿ ಇಸಕೊಂಡ್ಳು, ನನ್ನ ಬೆರಳು ಹಿಡಕೊಂಡ್ಳು, ಹೆಡ್ ಬಾಯಾರಿಗೆ ಸಲಾಮ ಮಾಡಿದ್ಳು.

"ನಾಳೆ ಯಾಕ್ರಿ ಟೀಚರ್, ಇವನ ಪಾಲಕರು ನಾ ಇಲ್ಲೇ ಅದೇನಿ. ಮನಿಗೆ ಕರಕೊಂಡು ಹೋಗಿ ಬುದ್ಧಿ ಹೇಳತೇನ್ರಿ."